ಸೇನಾನಾಯಕನ ಎದೆಮಟ್ಟದ ಪ್ರತಿಮೆ: ಬಿರುದು, ಪದಕ ಮತ್ತು ಪೀಠಶಾಸನ

1. ಪೀಠಿಕೆ

ಕರ್ನಾಟಕದ ಸ್ಮಾರಕ ಶಿಲ್ಪಗಳ ಅಧ್ಯಯನದಲ್ಲಿ ವೀರಗಲ್ಲು, ಮಾಸ್ತಿಕಲ್ಲು ಮತ್ತು ನಿಸಿದಿಗಲ್ಲುಗಳಿಗೆ ದೊರೆತಿರುವ ವಿದ್ವತ್ ಗಮನ ಆಧುನಿಕ ಕಾಲದ ಪ್ರತಿಮೆಗಳಿಗೆ ದೊರೆತಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಗ್ರಂಥಗಳು ಮಧ್ಯಕಾಲದ ವೀರನನ್ನು ಅರಿಯುವ ದಾರಿಯನ್ನು ನಮಗೆ ತೆರೆದು ತೋರಿಸಿವೆ. ಆದರೆ ಇಂದು ವೃತ್ತಗಳಲ್ಲಿ, ಶಾಲೆಗಳ ಆವರಣದಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಮನೆಯ ಗಾಜಿನ ಕಪಾಟುಗಳಲ್ಲಿ ಸಹ ಕಾಣಸಿಗುವ ಸೇನಾನಾಯಕರ ಎದೆಮಟ್ಟದ ಪ್ರತಿಮೆಗಳನ್ನು ಒಂದು ಪಠ್ಯವೆಂದು ಪರಿಗಣಿಸಿ ಓದುವ ಪ್ರಯತ್ನಗಳು ವಿರಳ. ಅವುಗಳಲ್ಲಿ ಬಹಳಷ್ಟು ಇಂದು ಕಲ್ಲಿನಲ್ಲಾಗಲಿ ಕಂಚಿನಲ್ಲಾಗಲಿ ಮಾಡಿದವುಗಳಲ್ಲ. ರೆಸಿನ್ ಎಂಬ ಕೃತಕ ರಾಳದಲ್ಲಿ ಎರಕ ಹೊಯ್ದವು. ಅಗ್ಗ, ಹಗುರ ಮತ್ತು ಪುನರಾವರ್ತನೆಗೆ ಸುಲಭವಾದ ಈ ಮಾಧ್ಯಮವನ್ನು ಕಲಾವಿಮರ್ಶೆ ಬಹುಮಟ್ಟಿಗೆ ಅಲಕ್ಷಿಸಿದೆ.

ವೀರನ ಸ್ಮರಣೆಯ ಕನ್ನಡ ಪರಂಪರೆಯನ್ನು ಹಿನ್ನೆಲೆಯಾಗಿರಿಸಿಕೊಂಡು, ಪದಕಭೂಷಿತ ಸೇನಾನಾಯಕನ ರೆಸಿನ್ ಪ್ರತಿಮೆಯನ್ನು ಹೇಗೆ ಓದಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಹಳೆಯ ಸ್ಮಾರಕಗಳು ವೀರನ ಮುಖವನ್ನು ಬಿಟ್ಟು ಕಾರ್ಯವನ್ನು ಉಳಿಸಿದವು. ಎದೆಮಟ್ಟದ ಪ್ರತಿಮೆಯಾದರೋ ಮುಖವನ್ನು ಉಳಿಸಿ ಕಾರ್ಯವನ್ನು ಪದಕಪಟ್ಟಿಗೆ ವಹಿಸಿತು. ಆ ಪಟ್ಟಿಯೂ ಮಾತನಾಡದಂತಾದಾಗ ಪ್ರತಿಮೆಯಲ್ಲಿ ಉಳಿಯುವುದೇನು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

2. ಕತ್ತಲಗೆರೆಯ ಸುತ್ತಿನ ಮುಖವಿಲ್ಲದ ಸ್ಮರಣೆಗಳು

ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ನೆಲದಿಂದ ಆರಂಭಿಸುವುದು ಉಚಿತ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಮೂಲಕ. ಈ ಕೇಂದ್ರ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿದ್ದು, ಆ ವಿಶ್ವವಿದ್ಯಾಲಯ ಕೆಳದಿ ಶಿವಪ್ಪನಾಯಕನ ಹೆಸರನ್ನು ಹೊತ್ತಿದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ದಂಡಯಾತ್ರೆಗಳಿಂದ ರಾಜ್ಯವನ್ನು ವಿಸ್ತರಿಸಿದ ಸೇನಾನಿಯೂ ಹೌದು, ‘ಸಿಸ್ತು’ ಎಂಬ ಭೂಕಂದಾಯ ವ್ಯವಸ್ಥೆಯನ್ನು ರೂಪಿಸಿದ ಆಡಳಿತಗಾರನೂ ಹೌದು. ಬೇಸಾಯದ ವಿದ್ಯೆಯ ಸಂಸ್ಥೆಗೆ ಅವನ ಹೆಸರನ್ನಿಟ್ಟಾಗ ಖಡ್ಗವನ್ನು ಹಿಂದೆ ಸರಿಸಿ ಸಿಸ್ತನ್ನು ಮುಂದಿಡಲಾಯಿತು. ಇದು ಹೆಸರಿನ ಮೂಲಕ ನಡೆಯುವ ಸ್ಮರಣೆ. ಇದಕ್ಕೆ ಮುಖದ ಅಗತ್ಯವಿಲ್ಲ. ಅದೇ ಕೆಳದಿ ಮನೆತನದ ರಾಣಿ ಚೆನ್ನಮ್ಮಾಜಿಯ ಹೆಸರಿನಿಂದ ತಾಲ್ಲೂಕು ಕೇಂದ್ರಕ್ಕೆ ಚನ್ನಗಿರಿ ಎಂಬ ಹೆಸರು ಬಂದಿತೆಂಬುದು ಪ್ರಚಲಿತ ನಂಬಿಕೆ. ಇಲ್ಲಿಯೂ ಸ್ಮರಣೆಯ ರೂಪ ಹೆಸರೇ.

ಇದೇ ತಾಲ್ಲೂಕಿನ ಹೊದಿಗೆರೆಯಲ್ಲಿ ಎರಡನೆಯ ಬಗೆಯ ಸ್ಮರಣೆಯನ್ನು ಕಾಣುತ್ತೇವೆ. ಅಹಮದ್‌ನಗರದ ನಿಜಾಮಶಾಹಿ, ಮೊಗಲ್ ಮತ್ತು ಬಿಜಾಪುರದ ಆದಿಲ್‌ಶಾಹಿ ಪ್ರಭುತ್ವಗಳಲ್ಲಿ ಸೇನಾಪತಿಯಾಗಿ ಸೇವೆ ಸಲ್ಲಿಸಿ, 1638ರ ದಂಡಯಾತ್ರೆಯ ತರುವಾಯ ಬೆಂಗಳೂರನ್ನು ಜಹಗೀರಾಗಿ ಪಡೆದ ಶಹಾಜಿ ಭೋಸಲೆ 1664ರ ಜನವರಿಯಲ್ಲಿ ಹೊದಿಗೆರೆಯ ಪರಿಸರದಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ತೀರಿಕೊಂಡನು. ಅವನ ಸಮಾಧಿ ಅಲ್ಲಿಯೇ ಇದೆ. ಮೂರು ಪ್ರಭುತ್ವಗಳ ಸೇನೆಗಳಲ್ಲಿ ಉನ್ನತ ಪದವಿಗಳನ್ನು ಕಂಡ, ಬೆಂಗಳೂರಿನ ತನ್ನ ಆಸ್ಥಾನದಲ್ಲಿ ಹಲವು ಭಾಷೆಗಳ ಕವಿಗಳಿಗೆ ಆಶ್ರಯವಿತ್ತು, ಜಯರಾಮ ಪಿಂಡ್ಯೆಯ ‘ರಾಧಾಮಾಧವವಿಲಾಸ ಚಂಪೂ’ ಕೃತಿಯಲ್ಲಿ ವರ್ಣಿತನಾದ ಈ ಸೇನಾನಿಯ ಸಮಾಧಿ ಆಡಂಬರವಿಲ್ಲದ ಒಂದು ಸರಳ ರಚನೆ. ಅದು ಸಾರುವ ಸಂಗತಿ ಒಂದೇ: ಅವನು ಇಲ್ಲಿ ಸತ್ತನು. ಈ ‘ಇಲ್ಲಿ’ ಎಂಬುದೇ ಅದರ ಅರ್ಥದ ಕೇಂದ್ರ. ಹೊದಿಗೆರೆಯ ಸಮಾಧಿಯನ್ನು ಬೇರೊಂದು ಊರಿಗೆ ಸಾಗಿಸಿದರೆ ಅದು ಸಮಾಧಿಯಾಗಿ ಉಳಿಯುವುದಿಲ್ಲ. ಪ್ರತಿಮೆಗೆ ಇಂಥ ಸ್ಥಳನಿಷ್ಠೆಯಿಲ್ಲ.

ಮೂರನೆಯದು ಶಾಸನ ಮತ್ತು ವೀರಗಲ್ಲುಗಳ ಸ್ಮರಣೆ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಸಂಕಲಿಸಿದ್ದಾರೆ, ಆಗ ಈ ಭಾಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಅದರ ಭಾಗವಾಯಿತು. ಕನ್ನಡ ನಾಡಿನ ಬೇರೆಡೆಗಳಂತೆ ಇಲ್ಲಿಯೂ ಹೆಸರು, ಸ್ಥಳ ಮತ್ತು ಕಲ್ಲು ಎಂಬ ಮೂರು ಬಗೆಗಳಲ್ಲಿ ವೀರನ ನೆನಪು ಉಳಿದುಬಂದಿದೆ. ಮೂರರಲ್ಲಿಯೂ ವ್ಯಕ್ತಿಯ ಮುಖಚಹರೆ ಮುಖ್ಯವಲ್ಲ ಎಂಬುದನ್ನು ಗಮನಿಸಬೇಕು.

3. ಬಿರುದೇ ಪದಕವಾಗಿದ್ದ ಕಾಲ

ಸೇನಾನಾಯಕನನ್ನು ಗೌರವಚಿಹ್ನೆಗಳ ಮೂಲಕ ಗುರುತಿಸುವುದು ಆಧುನಿಕ ಸೈನ್ಯಗಳ ಕೊಡುಗೆಯೆಂದು ಭಾವಿಸುವುದು ಸರಿಯಲ್ಲ. ಗಂಗರ ಮಾರಸಿಂಹ ಮತ್ತು ರಾಚಮಲ್ಲರ ಕಾಲದ ಮಂತ್ರಿ ಹಾಗೂ ಸೇನಾಪತಿಯಾಗಿದ್ದ ಚಾವುಂಡರಾಯನ ‘ಚಾವುಂಡರಾಯ ಪುರಾಣ’ (978) ಈ ವಿಷಯದಲ್ಲಿ ಅಮೂಲ್ಯವಾದ ಆಕರ. ಅದರಲ್ಲಿ ಅವನ ಬಿರುದುಗಳು ಅವುಗಳನ್ನು ತಂದುಕೊಟ್ಟ ಯುದ್ಧಗಳೊಡನೆ ಉಲ್ಲೇಖಗೊಂಡಿವೆ. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಸೋಲಿಸಿದ್ದಕ್ಕೆ ‘ಸಮರಧುರಂಧರ’, ಗೋನೂರಿನ ಬಯಲಿನಲ್ಲಿ ನೊಳಂಬರ ವಿರುದ್ಧ ಹೋರಾಡಿದ್ದಕ್ಕೆ ‘ವೀರಮಾರ್ತಂಡ’, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಸೆಣಸಿದ್ದಕ್ಕೆ ‘ರಣರಂಗಸಿಂಗ’, ತನ್ನ ತಮ್ಮ ನಾಗವರ್ಮನನ್ನು ಕೊಂದವನನ್ನು ಸಂಹರಿಸಿದ್ದಕ್ಕೆ ‘ಸಮರಪರಶುರಾಮ’ ಹೀಗೆ ಪ್ರತಿಯೊಂದು ಬಿರುದಿಗೂ ಒಂದು ಸ್ಥಳ, ಒಬ್ಬ ಎದುರಾಳಿ, ಒಂದು ಘಟನೆಯ ಆಧಾರವಿದೆ. ಇವುಗಳಲ್ಲಿ ಉಚ್ಚಂಗಿ ನಾವು ನಿಂತಿರುವ ನೆಲಕ್ಕೆ ದೂರದ್ದಲ್ಲ. ನೊಳಂಬವಾಡಿಯ ಆ ಕೋಟೆಯನ್ನು ವಿದ್ವಾಂಸರು ಇಂದಿನ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವೆಂದು ಗುರುತಿಸುತ್ತಾರೆ.

ಆಧುನಿಕ ಸೈನಿಕ ಪದಕದ ಪ್ರಶಸ್ತಿಪತ್ರ ಮಾಡುವ ಕೆಲಸವೂ ಇದೇ. ಎಲ್ಲಿ, ಯಾರ ಎದುರು, ಏನು ಮಾಡಿದ್ದಕ್ಕಾಗಿ ಎಂಬುದನ್ನು ಅದು ದಾಖಲಿಸುತ್ತದೆ. ವ್ಯತ್ಯಾಸವಿಷ್ಟೆ: ಬಿರುದು ಸ್ವತಃ ಮಾತಾದ್ದರಿಂದ ಅದನ್ನು ಉಚ್ಚರಿಸಿದಾಗಲೆಲ್ಲ ಅರ್ಥದ ಒಂದಂಶವಾದರೂ ಕೇಳುಗನನ್ನು ತಲಪುತ್ತದೆ. ಪದಕವಾದರೋ ಮಾತನ್ನು ಪ್ರಶಸ್ತಿಪತ್ರದಲ್ಲಿ ಬಿಟ್ಟು, ಎದೆಯ ಮೇಲೆ ಚಿಹ್ನೆಯಾಗಿ ಮಾತ್ರ ಉಳಿಯುತ್ತದೆ.

ದೇಹದ ಮೇಲೆ ಧರಿಸುವ ಗೌರವಚಿಹ್ನೆಗಳೂ ನಮ್ಮಲ್ಲಿದ್ದವು. ವೀರರು ಕಾಲಿಗೆ ಧರಿಸುತ್ತಿದ್ದ ಗಂಡಪೆಂಡೆಯ, ತೊಡರುಗಳು ಅಂಥವು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಸ್ತಂಭಶಾಸನ ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನನ್ನು ಕುರಿತದ್ದು. ಒಡೆಯನೊಡನೆ ಸಾಯುವ ಪ್ರತಿಜ್ಞೆಯ ಗುರುತಾಗಿ ಅವನೂ ಅವನ ಸಂಗಡಿಗರಾದ ಗರುಡರೂ ಧರಿಸಿದ್ದ ತೊಡರಿನ ವಿಷಯ ಅದರಿಂದ ತಿಳಿದುಬರುತ್ತದೆ. ಆ ಸ್ತಂಭದಲ್ಲಿ ಕಂಡರಿಸಿರುವುದು ಕುವರಲಕ್ಷ್ಮನ ಮುಖವನ್ನಲ್ಲ. ತಲೆಯನ್ನು ಅರ್ಪಿಸಿಕೊಳ್ಳುತ್ತಿರುವ ಗರುಡರನ್ನು.

ಗೌರವದ ಶ್ರೇಣೀಕರಣವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುವುದು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನ (949-50). ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಬನವಾಸಿ ಮೊದಲಾದ ನಾಡುಗಳನ್ನಿತ್ತನು. ಬೂತುಗನ ಕೈಕೆಳಗಿನ ವೀರ ಮಣಲೇರನಾದರೋ ಮೆಚ್ಚಿನ ಕೊಡುಗೆಯಾಗಿ ‘ಕಾಳಿ’ ಎಂಬ ನಾಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಂತಿತು. ಚಕ್ರವರ್ತಿ, ಸಾಮಂತ, ವೀರ ಮೂವರೂ ಬರಹದಲ್ಲಿದ್ದಾರೆ. ಚಿತ್ರದಲ್ಲಿರುವುದು ನಾಯಿ ಮತ್ತು ಹಂದಿ ಮಾತ್ರ. ಕಾರ್ಯ ಯಾರದೋ ಚಿತ್ರ ಅವರದು, ಗೌರವ ಯಾರದೋ ಬರಹ ಅವರದು ಎಂಬ ವಿವೇಕ ಈ ಶಿಲೆಯಲ್ಲಿದೆ.

ಅದೇ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಮತ್ತೊಂದು ಅಂಶವನ್ನು ತಿಳಿಸುತ್ತದೆ. ಎರೆಯಪನ ಕಾಲದಲ್ಲಿ ನೊಳಂಬ ವೀರಮಹೇಂದ್ರನ ವಿರುದ್ಧದ ತುಂಬೆಪಾಡಿ ಕಾಳಗದಲ್ಲಿ ನಾಗತ್ತರ ಮಡಿದುದು, ಆ ಬಳಿಕ ಇರುಗನಿಗೆ ಬೇಗೂರು ಮುಂತಾದ ಹನ್ನೆರಡು ಊರುಗಳು ಕಲ್ನಾಡಾಗಿ ದೊರೆತುದು ಅದರ ಬರಹದಲ್ಲಿದೆ. ಚಿತ್ರಭಾಗದಲ್ಲಾದರೋ ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ರಣರಂಗವೇ ಮೂಡಿದೆ. ಸೇನಾನಾಯಕ ಅಲ್ಲಿ ಒಬ್ಬಂಟಿಯಲ್ಲ. ಬಿದ್ದವರು, ಇರಿಯುವವರು, ಇರಿಸಿಕೊಳ್ಳುವವರು ಎಲ್ಲರೂ ಅದೇ ಕಲ್ಲಿನ ಹರಹಿನಲ್ಲಿದ್ದಾರೆ.

4. ಎದೆಯವರೆಗೆ ಕತ್ತರಿಸಿದ ವೀರ

ಎದೆಮಟ್ಟದ ಪ್ರತಿಮೆ ಪ್ರಾಚೀನ ರೋಮಿನಲ್ಲಿ ಬಲಿತು, ಯುರೋಪಿನ ಪುನರುಜ್ಜೀವನ ಕಾಲದಲ್ಲಿ ಮರುಹುಟ್ಟು ಪಡೆದು, ವಸಾಹತು ಆಡಳಿತದೊಡನೆ ನಮ್ಮಲ್ಲಿಗೆ ಬಂದ ರೂಪ. ಮುಖವನ್ನಷ್ಟೇ ಆರಾಧಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮುಖಲಿಂಗಗಳು, ಜಾತ್ರೆಯಲ್ಲಿ ಹೊರಡುವ ಗ್ರಾಮದೇವತೆಗಳ ಲೋಹದ ಮುಖವಾಡಗಳು ಇದಕ್ಕೆ ನಿದರ್ಶನ. ಆದರೆ ಅಲ್ಲಿ ಮುಖ ದೇವತೆಯ ಸಾನ್ನಿಧ್ಯದ ಗುರುತೇ ಹೊರತು ಒಬ್ಬ ವ್ಯಕ್ತಿಯ ಚಹರೆಯ ದಾಖಲೆಯಲ್ಲ. ವೀರನ ವಿಷಯದಲ್ಲಂತೂ ಪೂರ್ಣದೇಹವೇ ಬೇಕಾಗಿತ್ತು. ಏಕೆಂದರೆ ವೀರನ ಗುರುತು ಕೈಯಲ್ಲಿರುವ ಆಯುಧ ಮತ್ತು ಮುಂದಿಟ್ಟ ಹೆಜ್ಜೆ.

ಎದೆಮಟ್ಟದ ಪ್ರತಿಮೆ ಕೈಗಳನ್ನು ತೋಳಿನ ಮೇಲುಭಾಗದಲ್ಲಿಯೇ ನಿಲ್ಲಿಸುತ್ತದೆ. ಕವಿಯ ಅಥವಾ ವಿಜ್ಞಾನಿಯ ಪ್ರತಿಮೆಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ, ತಲೆಯೇ ಅವರ ಕಾರ್ಯಕ್ಷೇತ್ರವೆಂದು ನೋಡುಗ ಒಪ್ಪಿಕೊಳ್ಳುತ್ತಾನೆ. ಆಧುನಿಕ ಸೇನಾನಾಯಕನ ವಿಷಯದಲ್ಲಿಯೂ ಈ ಮಾತನ್ನು ಭಾಗಶಃ ಒಪ್ಪಬಹುದು. ಆತ ಇರಿಯುವವನಲ್ಲ, ಆಜ್ಞಾಪಿಸುವವನು. ಹೀಗಿದ್ದರೂ ಇಂಥ ಪ್ರತಿಮೆಯಲ್ಲಿ ಯುದ್ಧ, ಸಂಗಡಿಗರು, ಎದುರಾಳಿ ಯಾವುದಕ್ಕೂ ಎಡೆಯಿಲ್ಲ. ಈ ಕೊರತೆಯನ್ನು ತುಂಬುವ ಹೊಣೆ ನಾಲ್ಕು ಅಂಗಗಳ ಮೇಲೆ ಬೀಳುತ್ತದೆ: ಟೊಪ್ಪಿಗೆ, ಹೆಗಲಿನ ಪದವಿಚಿಹ್ನೆ, ಕಾಲರಿನ ಪಟ್ಟಿ ಮತ್ತು ಎಡ ಎದೆಯ ಪದಕಪಟ್ಟಿ. ವೀರಗಲ್ಲಿನ ಬರಹಕ್ಕೂ ಚಿತ್ರಪಟ್ಟಿಕೆಗಳಿಗೂ ಬದಲಾಗಿ ಇಲ್ಲಿರುವುದು ಇವಿಷ್ಟೇ.

ಸ್ಥಳನಿಷ್ಠೆಯ ಅಭಾವಕ್ಕೆ ಒಂದು ನಿದರ್ಶನವನ್ನು ನೋಡಬಹುದು. ಮೈಸೂರಿನ ಕಮೀಷನರ್ ಆಗಿದ್ದ ಸೇನಾಧಿಕಾರಿ ಮಾರ್ಕ್ ಕಬ್ಬನ್‌ನ ಅಶ್ವಾರೋಹಿ ಪ್ರತಿಮೆ 1866ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡಿತು. ಮಾರೊಚೆಟ್ಟಿ ಎಂಬ ಶಿಲ್ಪಿಯ ಕೃತಿಯಾದ ಅದು ಬಹುಕಾಲ ಉಚ್ಚ ನ್ಯಾಯಾಲಯದ ಆವರಣದಲ್ಲಿದ್ದು, 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಸ್ಥಳಾಂತರಗೊಂಡಿತು. ಪ್ರತಿಮೆ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು. ಆಡಳಿತದ ಅಂಗಳದಲ್ಲಿ ಅಧಿಕಾರದ ಗುರುತಾಗಿದ್ದುದು ಉದ್ಯಾನದಲ್ಲಿ ಚರಿತ್ರೆಯ ವಸ್ತುವಾಯಿತು. ಹೊದಿಗೆರೆಯ ಸಮಾಧಿಗೆ ಸಾಧ್ಯವಿಲ್ಲದ ಈ ಚಲನೆ ಪ್ರತಿಮೆಗೆ ಸಾಧ್ಯ.

5. ರೆಸಿನ್ ಎಂಬ ಮಾಧ್ಯಮ

ಮಾಧ್ಯಮವು ಸ್ಮರಣೆಯ ಸ್ವರೂಪವನ್ನೂ ನಿರ್ಧರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ ಮೇಣದ ಅಚ್ಚಿನಿಂದ ಲೋಹದ ಪ್ರತಿಮೆಯನ್ನು ಎರಕಹೊಯ್ಯುವ ಮಧೂಚ್ಛಿಷ್ಟ ವಿಧಾನವನ್ನು ವಿವರಿಸುತ್ತದೆ. ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣಿನಿಂದ ಮುಚ್ಚಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಟೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯಲಾಗುತ್ತದೆ. ಕೊನೆಗೆ ಮಣ್ಣಿನ ಅಚ್ಚನ್ನು ಒಡೆದೇ ಪ್ರತಿಮೆಯನ್ನು ಹೊರತೆಗೆಯಬೇಕು. ಒಂದು ಅಚ್ಚಿಗೆ ಒಂದೇ ಪ್ರತಿಮೆ. ಮೂಲವೂ ಅಚ್ಚೂ ಉಳಿಯುವುದಿಲ್ಲ.

ರೆಸಿನ್ ಪ್ರತಿಮೆಯ ತಯಾರಿಕೆ ಇದಕ್ಕೆ ವಿರುದ್ಧವಾದ ತರ್ಕವನ್ನು ಅನುಸರಿಸುತ್ತದೆ. ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ಮೂಲರೂಪವನ್ನು ಮಾಡುತ್ತಾನೆ. ಈಚಿನ ವರ್ಷಗಳಲ್ಲಿ ಗಣಕದಲ್ಲಿ ರೂಪಿಸಿ ಮುದ್ರಿಸಿದ ಮೂಲವೂ ಬಳಕೆಯಲ್ಲಿದೆ. ಅದರ ಮೇಲೆ ಸಿಲಿಕೋನ್ ರಬ್ಬರನ್ನು ಪದರಪದರವಾಗಿ ಹಚ್ಚಿ, ಹೊರಗಿನಿಂದ ಪ್ಲಾಸ್ಟರ್ ಅಥವಾ ಫೈಬರಿನ ಗಟ್ಟಿ ಕವಚವನ್ನು ಕೂಡಿಸಿ ಅಚ್ಚು ತೆಗೆಯುತ್ತಾನೆ. ಸಾರ್ವಜನಿಕ ಸ್ಥಳಗಳ ದೊಡ್ಡ ಪ್ರತಿಮೆಗಳಿಗೆ ಪಾಲಿಯೆಸ್ಟರ್ ರೆಸಿನ್ನಿಗೆ ಗಟ್ಟಿಗೊಳಿಸುವ ದ್ರಾವಣವನ್ನು ಬೆರೆಸಿ, ಗಾಜಿನ ನಾರಿನ ಹಾಸುಗಳೊಡನೆ ಅಚ್ಚಿನ ಒಳಮೈಗೆ ಹಚ್ಚಲಾಗುತ್ತದೆ. ಹವ್ಯಾಸಿಗಳಿಗಾಗಿ ಹತ್ತನೆಯ ಅಥವಾ ಹನ್ನೆರಡನೆಯ ಒಂದು ಪಾಲಿನ ಅಳತೆಯಲ್ಲಿ ಮಾಡುವ ಮಾದರಿಗಳಿಗೆ ಎರಡು ದ್ರವಗಳನ್ನು ಬೆರೆಸಿದೊಡನೆ ಗಟ್ಟಿಯಾಗುವ ಪಾಲಿಯುರೆಥೇನ್ ರೆಸಿನ್ ಹೆಚ್ಚು ಬಳಕೆಯಲ್ಲಿದೆ. ರಬ್ಬರ್ ಅಚ್ಚು ಬಾಗುವುದರಿಂದ ಒಡೆಯಬೇಕಾಗಿಲ್ಲ. ಅದು ಸವೆಯುವವರೆಗೆ ಪ್ರತಿಗಳನ್ನು ತೆಗೆಯಬಹುದು. ರೆಸಿನ್ನಿಗೆ ಕಂಚಿನ ಪುಡಿಯನ್ನು ಬೆರೆಸಿದರೆ ಕಂಚಿನ ಭ್ರಮೆ, ಅಮೃತಶಿಲೆಯ ಪುಡಿಯನ್ನು ಬೆರೆಸಿದರೆ ಕಲ್ಲಿನ ಭ್ರಮೆ ಹುಟ್ಟುತ್ತದೆ.

ಈ ಮಾಧ್ಯಮವನ್ನು ಕೀಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ರಾಳ ನಮ್ಮ ಕುಶಲಕರ್ಮಿಗಳಿಗೆ ಹೊಸದಲ್ಲ. ಟೊಳ್ಳು ಆಭರಣಗಳಿಗೆ ಅರಗನ್ನು ತುಂಬುವ ಅಕ್ಕಸಾಲಿ ಅದರ ಗುಣವನ್ನು ಬಲ್ಲನು. ಕಂಚಿನ ವೆಚ್ಚವನ್ನು ಭರಿಸಲಾಗದ ಒಂದು ಹಳ್ಳಿಯ ಶಾಲೆಯೂ ತನ್ನ ನಾಡಿನ ಸೇನಾನಿಯ ಪ್ರತಿಮೆಯನ್ನು ಇರಿಸಿಕೊಳ್ಳುವಂತಾದುದು ಈ ಮಾಧ್ಯಮದಿಂದಲೇ. ಆದರೆ ಅದರ ಎರಡು ಲಕ್ಷಣಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಬಿಸಿಲಿನ ಅತಿನೇರಳೆ ಕಿರಣಗಳಿಗೆ ರೆಸಿನ್ ಹಳದಿಗಟ್ಟುತ್ತದೆ, ಮೈ ಪೆಡಸಾಗಿ ಬಿರುಕುಬಿಡುತ್ತದೆ. ಬಯಲಿನಲ್ಲಿ ಶತಮಾನಗಳನ್ನು ಕಳೆದ ವೀರಗಲ್ಲಿನ ಆಯುಷ್ಯ ಅದಕ್ಕಿಲ್ಲ. ಎರಡನೆಯದಾಗಿ, ಅಚ್ಚಿನಲ್ಲಿ ಒಮ್ಮೆ ಸೇರಿಕೊಂಡ ತಪ್ಪು ಪ್ರತಿಯೊಂದು ಪ್ರತಿಯಲ್ಲಿಯೂ ಮರುಕಳಿಸುತ್ತದೆ. ಶಾಸನದ ಲಿಪಿಕಾರ ಮಾಡಿದ ತಪ್ಪು ಒಂದು ಕಲ್ಲಿಗೆ ಸೀಮಿತ. ಅಚ್ಚಿನ ತಪ್ಪು ಊರೂರಿಗೆ ಹಂಚಿಕೆಯಾಗುತ್ತದೆ.

6. ಯಾವ ವರ್ಷದ ಸೇನಾನಾಯಕ?

ಹಾಗಾದರೆ ಅಚ್ಚಿನಲ್ಲಿ ಸೇರಬಹುದಾದ ತಪ್ಪುಗಳು ಎಂಥವು? ಕರ್ನಾಟಕದ ಇಬ್ಬರು ಸೇನಾನಾಯಕರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಕೊಡಗಿನ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಇಂದಿಗೂ ಸೇನಾದಿನವಾಗಿ ಆಚರಿಸಲಾಗುತ್ತಿದೆ. 1953ರಲ್ಲಿ ಅವರು ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ದೊರೆತುದು 1986ರಲ್ಲಿ, ನಿವೃತ್ತಿಯಾಗಿ ಮೂವತ್ತಮೂರು ವರ್ಷಗಳು ಕಳೆದ ಮೇಲೆ. ಅವರು 1993ರಲ್ಲಿ ತೀರಿಕೊಂಡರು. ಇಲ್ಲಿ ಶಿಲ್ಪಿಯ ಮುಂದೆ ಕಠಿಣವಾದ ಆಯ್ಕೆಯಿದೆ. 1949ರ ಕಾರ್ಯಪ್ಪನವರನ್ನು ರೂಪಿಸುವುದಾದರೆ ಮುಖ ಐವತ್ತರ ಆಸುಪಾಸಿನದು, ಹೆಗಲಿನ ಚಿಹ್ನೆ ಜನರಲ್ ಪದವಿಯದು. ಆ ಚಿಹ್ನೆಯಲ್ಲಿಯೂ ಆಗಿನ್ನೂ ಬ್ರಿಟಿಷ್ ಕಿರೀಟವೇ ಇತ್ತು. ಅಶೋಕಸ್ತಂಭದ ಸಿಂಹಗಳು ಆ ಸ್ಥಾನಕ್ಕೆ ಬಂದುದು 1950ರ ಜನವರಿ 26ರಂದು ಭಾರತ ಗಣರಾಜ್ಯವಾದ ಮೇಲೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ರೂಪಿಸುವುದಾದರೆ ಹೆಗಲಿನಲ್ಲಿ ಅಡ್ಡಹಾಯ್ದ ದಂಡಗಳು, ಅವುಗಳನ್ನು ಸುತ್ತಿದ ಕಮಲದ ಮಾಲೆ, ಮೇಲೆ ರಾಷ್ಟ್ರಲಾಂಛನ ಇರಬೇಕು. ಆದರೆ ಮುಖ ಎಂಬತ್ತೇಳರ ವೃದ್ಧರದು. ನಡುವಯಸ್ಸಿನ ಮುಖಕ್ಕೆ ಫೀಲ್ಡ್ ಮಾರ್ಷಲ್ ಚಿಹ್ನೆಯನ್ನು ಜೋಡಿಸಿದ ಪ್ರತಿಮೆ ಚರಿತ್ರೆಯ ಯಾವ ದಿನಕ್ಕೂ ಸೇರದು. ಅದನ್ನು ಗೌರವದ ದೃಷ್ಟಿಯಿಂದ ಸಮರ್ಥಿಸಬಹುದು. ವೀರಗಲ್ಲಿನ ಮೇಲುಪಟ್ಟಿಕೆಯಲ್ಲಿ ಸ್ವರ್ಗಸ್ಥನಾದ ವೀರನನ್ನು ತೋರಿಸುವಂತೆ, ಇದು ಕಾಲಾತೀತ ಚಿತ್ರಣವೆನ್ನಬಹುದು. ಆದರೆ ವೀರಗಲ್ಲು ಯುದ್ಧವನ್ನೂ ಸ್ವರ್ಗವನ್ನೂ ಬೇರೆಬೇರೆ ಪಟ್ಟಿಕೆಗಳಲ್ಲಿ ತೋರಿಸುತ್ತದೆ, ಒಂದರ ಮೇಲೊಂದನ್ನು ಹೇರುವುದಿಲ್ಲ. ಪ್ರತಿಮೆಗೆ ಇರುವುದು ಒಂದೇ ಪಟ್ಟಿಕೆ.

ಕೆ.ಎಸ್. ತಿಮ್ಮಯ್ಯನವರ ಬದುಕು ಇದಕ್ಕಿಂತ ಸಂಕೀರ್ಣವಾದ ಆಯ್ಕೆಗಳನ್ನು ಮುಂದಿಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡನ್ನು ಮುನ್ನಡೆಸಿ ‘ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್’ ಗೌರವವನ್ನು ಪಡೆದ ಅಧಿಕಾರಿ, 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದ ಮೇಜರ್ ಜನರಲ್, 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯವನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ, 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕ ಈ ಎಲ್ಲರೂ ಒಬ್ಬರೇ. 1965ರ ಡಿಸೆಂಬರಿನಲ್ಲಿ ಅವರು ಸೈಪ್ರಸ್‌ನಲ್ಲಿಯೇ ನಿಧನರಾದರು. ಮರುವರ್ಷ ಆ ದೇಶ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರು ಬಾಳಿದ ‘ಸನ್ನಿಸೈಡ್’ ಮನೆ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಯುದ್ಧದ ಸೇನಾನಿ, ಶಾಂತಿಪಾಲಕ ಇಬ್ಬರನ್ನೂ ಒಂದೇ ಎದೆಯಲ್ಲಿ ತೋರಿಸುವುದು ಹೇಗೆ? ಬರ್ಮಾದ ಗೌರವವೂ 1954ರ ಪದ್ಮಭೂಷಣವೂ ಪದಕಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲಬಲ್ಲವು. ಪಟ್ಟಿಯನ್ನು ಓದಬಲ್ಲವನಿಗೆ ಅದೊಂದು ಸಂಕ್ಷಿಪ್ತ ಜೀವನಚರಿತ್ರೆಯೇ ಸರಿ. ಮನೆಯನ್ನೇ ಸ್ಮಾರಕವಾಗಿಸಿದ ಮಡಿಕೇರಿಯ ಕ್ರಮ, ಹೊದಿಗೆರೆಯ ಸಮಾಧಿಯಂತೆ, ಸ್ಥಳದ ಸಾಕ್ಷ್ಯವನ್ನು ಮುಖಚಿತ್ರದೊಡನೆ ಕೂಡಿಸುತ್ತದೆ ಎಂಬುದನ್ನೂ ಗಮನಿಸಬಹುದು.

7. ಬಣ್ಣ ಕಳೆದುಕೊಂಡ ಪಟ್ಟಿ

ಇಲ್ಲಿಯೇ ಪ್ರಸ್ತುತ ಅಧ್ಯಯನದ ಮುಖ್ಯ ಅಂಶವನ್ನು ಎದುರಿಸಬೇಕಾಗುತ್ತದೆ. ನಿತ್ಯದ ಸಮವಸ್ತ್ರದಲ್ಲಿ ಸೇನಾಧಿಕಾರಿ ಪದಕಗಳನ್ನಲ್ಲ, ಅವುಗಳ ರಿಬ್ಬನ್ನಿನ ತುಣುಕುಗಳನ್ನು ಪಟ್ಟಿಯಾಗಿ ಧರಿಸುತ್ತಾನೆ. ಹಿರಿಯ ಗೌರವ ಮೇಲುಸಾಲಿನಲ್ಲಿ, ಎದೆಯ ನಡುವಿಗೆ ಸಮೀಪದಲ್ಲಿರಬೇಕು ಎಂಬುದು ನಿಯಮ. ಈ ತುಣುಕುಗಳಲ್ಲಿ ಅಕ್ಷರಗಳಿಲ್ಲ. ಅವುಗಳ ಅರ್ಥ ನಿಂತಿರುವುದು ಬಣ್ಣ ಮತ್ತು ಕ್ರಮದ ಮೇಲೆ. ಪರಮವೀರಚಕ್ರದ ರಿಬ್ಬನ್ ಪೂರ್ತಿ ನೇರಳೆ, ಮಹಾವೀರಚಕ್ರದ್ದು ಅರ್ಧ ಬಿಳಿ ಅರ್ಧ ಕಿತ್ತಳೆ, ವೀರಚಕ್ರದ್ದು ಅರ್ಧ ಕಡುನೀಲಿ ಅರ್ಧ ಕಿತ್ತಳೆ. ಬಿಳಿ ಮತ್ತು ಕಡುನೀಲಿಯ ನಡುವಿನ ಭೇದವೇ ಎರಡನೆಯ ಮತ್ತು ಮೂರನೆಯ ಶೌರ್ಯಗೌರವಗಳ ನಡುವಿನ ಭೇದ.

ಕಂಚಿನ ಬಣ್ಣ ಬಳಿದ ರೆಸಿನ್ ಪ್ರತಿಮೆಯಲ್ಲಿ ಈ ಬಣ್ಣಗಳಿಗೆ ಎಡೆಯಿಲ್ಲ. ನೇರಳೆಯೂ ಕಿತ್ತಳೆಯೂ ಕಡುನೀಲಿಯೂ ಒಂದೇ ಕಂದು. ಉಳಿಯುವುದು ಅಂಚುಗೆರೆಗಳಿರುವ ಆಯತಗಳ ಒಂದು ಸಾಲು. ಅದು ‘ಈತ ಗೌರವ ಪಡೆದವನು’ ಎಂದಷ್ಟೇ ಹೇಳುತ್ತದೆ; ಯಾವ ಗೌರವ, ಯಾವ ಕಾಳಗಕ್ಕೆ ಎಂಬುದನ್ನು ಹೇಳಲಾರದು. ಚಾವುಂಡರಾಯನ ಬಿರುದುಗಳನ್ನೆಲ್ಲ ಅಳಿಸಿ ‘ಬಹುಬಿರುದಾಂಕಿತ’ ಎಂಬ ಒಂದೇ ಮಾತನ್ನು ಉಳಿಸಿದರೆ ಉಚ್ಚಂಗಿಯೂ ಗೋನೂರೂ ಹೇಗೆ ಮಾಯವಾಗುವುವೋ ಹಾಗೆ ಇಲ್ಲಿ ಯುದ್ಧಗಳು ಮಾಯವಾಗುತ್ತವೆ. ಅರ್ಥಾತ್, ಪ್ರತಿಮೆಯಲ್ಲಿದ್ದ ಏಕೈಕ ಶಾಸನ ಬರೆಯುವಾಗಲೇ ಅಳಿಸಿಹೋಗುತ್ತದೆ. ಹವ್ಯಾಸಿಗಳ ಪುಟ್ಟ ಮಾದರಿಗಳು ಈ ವಿಷಯದಲ್ಲಿ ವೃತ್ತದ ದೊಡ್ಡ ಪ್ರತಿಮೆಗಿಂತ ಮುಂದಿವೆ. ಬಣ್ಣವಿಲ್ಲದೆ ಬರುವ ಅವುಗಳಿಗೆ ಹವ್ಯಾಸಿ ತಾನೇ ಬಣ್ಣ ಹಚ್ಚಬೇಕಾದುದರಿಂದ ಪ್ರತಿಯೊಂದು ರಿಬ್ಬನ್ನಿನ ವಿವರವನ್ನು ಹುಡುಕಿ ತಿಳಿಯಲೇಬೇಕಾಗುತ್ತದೆ.

ಬರಹವನ್ನು ಕಳೆದುಕೊಂಡ ಸ್ಮಾರಕಕ್ಕೆ ಏನಾಗುತ್ತದೆ ಎಂಬುದಕ್ಕೆ ಶ್ರವಣಬೆಳಗೊಳದ ತ್ಯಾಗದ ಕಂಬವೇ ಸಾಕ್ಷಿ. ಚಾವುಂಡರಾಯನಿಗೆ ಸಂಬಂಧಿಸಿದ ಈ ಕಂಬದ ಮೇಲೆ ಅವನ ಪರಾಕ್ರಮವನ್ನು ವರ್ಣಿಸುವ ಶಾಸನವಿತ್ತು. ಮುಂದೆ ಹೆಗ್ಗಡೆ ಕಣ್ಣನೆಂಬುವನು ತನ್ನ ಚಿಕ್ಕ ಶಾಸನವೊಂದನ್ನು ಬರೆಸುವ ಸಲುವಾಗಿ ಅದರ ಬಹುಭಾಗವನ್ನು ಅಳಿಸಿದನೆಂದು ಶಾಸನತಜ್ಞರು ತೀರ್ಮಾನಿಸಿದ್ದಾರೆ. ಕಂಬದ ಬುಡದಲ್ಲಿ ಇಬ್ಬರ ಆಕೃತಿಗಳಿವೆ. ಅವು ಚಾವುಂಡರಾಯ ಮತ್ತು ಅವನ ಗುರು ನೇಮಿಚಂದ್ರರದೆಂದು ಸಂಪ್ರದಾಯ ಹೇಳುತ್ತದೆ. ಆಕೃತಿ ಉಳಿದಿದೆ, ಆದರೆ ಗುರುತಿಗೆ ಸಂಪ್ರದಾಯದ ಮಾತನ್ನು ನಂಬಬೇಕಾಗಿದೆ. ಅವನ ಯುದ್ಧಗಳನ್ನು ನಾವು ಇಂದು ಬಲ್ಲೆವಾದರೆ ಅದಕ್ಕೆ ಕಾರಣ ಗ್ರಂಥದಲ್ಲಿ ಉಳಿದ ಮಾತು, ಕಲ್ಲಿನಲ್ಲಿ ಉಳಿದ ಆಕೃತಿಯಲ್ಲ.

8. ಪೀಠಶಾಸನದ ಅಗತ್ಯ

ಈ ಹಿನ್ನೆಲೆಯಲ್ಲಿ ಪ್ರತಿಮೆಯ ಪೀಠವನ್ನು ಪ್ರತಿಮೆಯಷ್ಟೇ ಮುಖ್ಯವಾದ ಅಂಗವೆಂದು ಪರಿಗಣಿಸಬೇಕಾಗಿದೆ. ಸಾಮಾನ್ಯವಾಗಿ ನಮ್ಮ ಪೀಠಗಳ ಮೇಲಿನ ಫಲಕಗಳಲ್ಲಿ ಸೇನಾನಾಯಕನ ಹೆಸರಿಗಿಂತ ಅನಾವರಣ ಮಾಡಿದವರ, ಉಪಸ್ಥಿತರಿದ್ದವರ ಹೆಸರುಗಳೇ ಹೆಚ್ಚು ಸ್ಥಳವನ್ನು ಆಕ್ರಮಿಸಿಕೊಂಡಿರುತ್ತವೆ. ಹೆಗ್ಗಡೆ ಕಣ್ಣನ ಪ್ರವೃತ್ತಿ ಅಳಿದಿಲ್ಲವೆಂದೇ ಹೇಳಬೇಕಾಗುತ್ತದೆ.

ವೀರಗಲ್ಲಿನ ಬರಹದ ಸ್ಥೂಲ ವಿನ್ಯಾಸ ಇದಕ್ಕೆ ಸಿದ್ಧ ಮಾದರಿಯನ್ನು ಒದಗಿಸುತ್ತದೆ. ಕಾಲ, ಆಳುವ ಅರಸು, ಕಾಳಗದ ಸ್ಥಳ ಮತ್ತು ಕಾರಣ, ವೀರನ ಹೆಸರು ಮತ್ತು ಕಾರ್ಯ, ಅದಕ್ಕೆ ದೊರೆತ ಕಲ್ನಾಡು ಅಥವಾ ಬಾಳ್ಗಚ್ಚು, ಕಲ್ಲನ್ನು ನಿಲ್ಲಿಸಿದವರು ಇವು ಅದರ ಅಂಗಗಳು. ಇವುಗಳನ್ನು ಆಧುನಿಕ ಪೀಠಕ್ಕೆ ಅನ್ವಯಿಸಿದರೆ ಪ್ರತಿಮೆ ತೋರಿಸುತ್ತಿರುವುದು ಯಾವ ವರ್ಷದ, ಯಾವ ಪದವಿಯ ವ್ಯಕ್ತಿಯನ್ನು, ಪದಕಪಟ್ಟಿಯಲ್ಲಿರುವ ಗೌರವಗಳು ಯಾವುವು, ಪ್ರತಿಯೊಂದು ಯಾವ ಕಾರ್ಯಕ್ಕೆ ಸಂದಿತು, ಆ ಕಾರ್ಯದಲ್ಲಿ ಅವನೊಡನಿದ್ದ ದಳ ಯಾವುದು, ಅಲ್ಲಿ ಮಡಿದವರೆಷ್ಟು, ಪ್ರತಿಮೆಯನ್ನು ಮಾಡಿದ ಶಿಲ್ಪಿ ಯಾರು, ಮಾಧ್ಯಮ ಯಾವುದು ಎಂಬ ವಿವರಗಳು ದೊರೆಯುತ್ತವೆ. ಇಷ್ಟನ್ನು ಕನ್ನಡದಲ್ಲಿ ಹತ್ತು ಹನ್ನೆರಡು ಸಾಲುಗಳಲ್ಲಿ ಬರೆಯಬಹುದು.

ಇವುಗಳಲ್ಲಿ ಮಡಿದವರ ಉಲ್ಲೇಖವನ್ನು ಒತ್ತಿಹೇಳಬೇಕಾಗಿದೆ. ತುರುಗಳನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯನಿಗೂ ಈ ನಾಡಿನ ಊರುಗಳು ಕಲ್ಲು ನಿಲ್ಲಿಸಿದವು. ದಂಡನಾಯಕನಿಗೂ ಹಳ್ಳಿಯ ವೀರನಿಗೂ ಒಂದೇ ಬಗೆಯ ಶಿಲೆ, ಒಂದೇ ಬಗೆಯ ಪಟ್ಟಿಕೆಗಳು ದೊರೆಯುತ್ತಿದ್ದುದು ನಮ್ಮ ಸ್ಮಾರಕ ಪರಂಪರೆಯ ದೊಡ್ಡ ಗುಣ. ಎದೆಮಟ್ಟದ ಪ್ರತಿಮೆ ಸ್ವಭಾವತಃ ಒಬ್ಬನದೇ. ಜೋಜಿಲಾದ ಹಿಮದಲ್ಲಿ ಟ್ಯಾಂಕು ನಡೆಸಿದವರು, ಅದಕ್ಕೆ ದಾರಿ ಕಡಿದವರು ಅದರಲ್ಲಿ ಕಾಣರು. ಸೇನಾನಾಯಕನ ಪದಕ ಅವನ ದಳದ ಶ್ರಮದ ಮೇಲೆ ನಿಂತುದೆಂಬ ಸತ್ಯವನ್ನು ಪೀಠವಲ್ಲದೆ ಬೇರಾವ ಅಂಗವೂ ಹೇಳಲಾರದು.

9. ಸಮಾರೋಪ

ಒಟ್ಟಿನಲ್ಲಿ, ಕತ್ತಲಗೆರೆಯ ಸುತ್ತಿನ ನೆಲದಲ್ಲಿ ವೀರನ ನೆನಪು ಹೆಸರಾಗಿ, ಸ್ಥಳವಾಗಿ, ಕಲ್ಲಾಗಿ ಉಳಿದಿದೆ. ಇವುಗಳಲ್ಲಿ ಮುಖವಿಲ್ಲದಿದ್ದರೂ ಸ್ಮರಣೆಗೆ ಕೊರತೆಯಾಗಿಲ್ಲ. ರೆಸಿನ್ ಪ್ರತಿಮೆ ಈ ಪರಂಪರೆಗೆ ಮುಖವನ್ನು ಸೇರಿಸಿದೆ, ಅದನ್ನು ಎಲ್ಲರ ಕೈಗೆಟುಕುವಂತೆ ಮಾಡಿದೆ. ಇದು ಸ್ವಾಗತಾರ್ಹವೇ. ಆದರೆ ಮುಖ ಪರಿಚಯವನ್ನು ಕೊಡುತ್ತದೆಯೇ ಹೊರತು ಚರಿತ್ರೆಯನ್ನು ಕೊಡುವುದಿಲ್ಲ. ಪದಕಪಟ್ಟಿ ಚರಿತ್ರೆಯನ್ನು ಕೊಡಬಲ್ಲದಾದರೂ ಏಕವರ್ಣದ ಎರಕದಲ್ಲಿ ಮೂಕವಾಗುತ್ತದೆ. ಆದ್ದರಿಂದ ಪ್ರತಿಮೆಯ ಸತ್ಯಾಸತ್ಯತೆಯ ಭಾರ ಪೀಠಶಾಸನದ ಮೇಲೆ ಬೀಳುತ್ತದೆ.

ರೆಸಿನ್ ಪ್ರತಿಮೆಗಳ ಆಯುಷ್ಯ ಅಲ್ಪವಾದುದರಿಂದ, ಈಗಾಗಲೇ ಸ್ಥಾಪಿತವಾಗಿರುವವುಗಳ ಛಾಯಾಚಿತ್ರ, ಪೀಠಬರಹ, ಪದವಿಚಿಹ್ನೆ ಮತ್ತು ಪದಕಪಟ್ಟಿಗಳನ್ನು ತಾಲ್ಲೂಕುವಾರು ದಾಖಲಿಸುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಶಾಸನಗಳ ಅಚ್ಚುಪ್ರತಿ ತೆಗೆಯುವುದನ್ನು ಕಲಿಸುವ ಕನ್ನಡ ವಿಭಾಗಗಳು ಇದನ್ನೂ ಕ್ಷೇತ್ರಕಾರ್ಯದ ಭಾಗವಾಗಿಸಿಕೊಳ್ಳಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಂದ ಇಂಥ ಸಮೀಕ್ಷೆ ಆರಂಭವಾದಲ್ಲಿ, ರೈಸ್ ಅವರ ಸಂಪುಟ ಹಳೆಯ ವೀರರಿಗೆ ಒದಗಿಸಿದ ಆಕರವನ್ನು ಹೊಸ ಕಾಲದ ವೀರರಿಗೂ ಒದಗಿಸಿದಂತಾಗುತ್ತದೆ.